ಕೊನೆಯ ಸೈಕಲ್ಲಿನ ಹಿಂದೆ

ನಮ್ಮ ಭಾನುವಾರದ ಸೈಕಲ್ ಬಳಗದಲ್ಲಿ ಎಲ್ಲರಿಗಿಂತ ಹಿಂದೆ ಬರುವ ಕೆಲಸ ನನ್ನದು. ಯಾರ ಚೈನು ಕಳಚಿದರೂ, ಯಾರಿಗೆ ದಮ್ಮು ಹತ್ತಿದರೂ ಅವರ ಹಿಂದೆ ನಾನಿರಬೇಕು. ಅವರನ್ನು ದಾಟಿ ಮುಂದೆ ಹೋಗುವಂತಿಲ್ಲ. ಮೇಷ್ಟ್ರಿಗೆ ತಾಳ್ಮೆ ಜಾಸ್ತಿ ಎಂದು ಯಾರೋ ಹೇಳಿ ಇದನ್ನು ನನ್ನ ತಲೆಗೆ ಕಟ್ಟಿದರು. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನಲ್ಲಿ ಇನ್ನೆಷ್ಟು ತಾಳ್ಮೆ ಉಳಿದಿರುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಈ ಕೆಲಸದ ಕಷ್ಟ ಇರುವುದು ನಿಧಾನವಾಗಿ ಹೋಗುವುದರಲ್ಲಿ ಅಲ್ಲ, ನಿಲ್ಲುವ ಜಾಗಗಳಲ್ಲಿ. ಮುಂದಿನವರು ಹೋಟೆಲಿನ ಎದುರು ಸೈಕಲ್ ನಿಲ್ಲಿಸಿ, ಇಡ್ಲಿ ತಿಂದು, ಕಾಫಿ ಕುಡಿದು, ಫೋಟೋ ತೆಗೆದುಕೊಂಡು ನಮಗಾಗಿ ಕಾಯುತ್ತಾರೆ. ನಾವು ಬಂದ ತಕ್ಷಣ "ಎಲ್ರೂ ಬಂದ್ರಲ್ಲ, ಹೊರಡೋಣ" ಎಂದು ಎದ್ದೇಬಿಡುತ್ತಾರೆ. ಕಾದದ್ದು ತಮ್ಮ ದೊಡ್ಡತನ ಎಂದೇ ಅವರ ಭಾವನೆ. ಹೀಗಾಗಿ ಎಲ್ಲರಿಗಿಂತ ಹೆಚ್ಚು ದಣಿದವರಿಗೇ ಕೂರುವ ಭಾಗ್ಯವಿಲ್ಲ. ಇದನ್ನು ನಾನು ಬಾಯಿ ಬಿಟ್ಟು ಹೇಳಲೂ ಇಲ್ಲ ಬಿಡಿ. ಹೊರಡಲು ವಿಷಲ್ ಊದುವವನೇ ನಾನು. ಕೊನೆಯವನು ಊದದೆ ಯಾರೂ ಪೆಡಲ್ ತುಳಿಯಬಾರದು ಎಂಬುದು ಬಳಗದ ಕಟ್ಟಳೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವುದೆಂದು ತೀರ್ಮಾನವಾದ ಭಾನುವಾರ ಹೊಸದಾಗಿ ಒಬ್ಬರು ಸೇರಿಕೊಂಡರು. ಅರವತ್ತು ದಾಟಿದ ಹೆಂಗಸು, ಚೂಡಿದಾರದ ಮೇಲೊಂದು ಸ್ವೆಟರು, ಮಗಳು ಬಿಟ್ಟ ಹಳೆಯ ಸೈಕಲ್. ಎಲ್ಲರೂ ಅಕ್ಕ ಎಂದೇ ಕರೆದರು. ಮಲವಗೊಪ್ಪ ಮುಟ್ಟುವಷ್ಟರಲ್ಲಿ ಹಿಂದೆ ಉಳಿದವರು ನಾವಿಬ್ಬರೇ. ನಿಧಾನ ಎಂದರೆ ಎಂಥ ನಿಧಾನ! ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕರೊಬ್ಬರು ನಮ್ಮನ್ನು ದಾಟಿ, ತಿರುಗಿ ನೋಡಿ ನಕ್ಕರು. ನನಗೋ ಮಂಡಿ ನೋವು, ಹಸಿವು, ಸಿಟ್ಟು.

"ಬಸ್ಸಲ್ಲಿ ಬಂದು ಅಲ್ಲೇ ಸೇರ್ಕೋಬಹುದಿತ್ತಲ್ಲ ಅಕ್ಕ" ಎಂದುಬಿಟ್ಟೆ.

"ಬಸ್ಸಲ್ಲಿ ಎಷ್ಟೋ ಸಲ ಹೋಗಿದೀನಿ ಸರ್. ಸೈಕಲ್ಲಲ್ಲಿ ಹೋಗ್ಬೇಕು ಅಂತ್ಲೇ ಸೇರಿದ್ದು" ಎಂದು ಏದುಸಿರು ಬಿಡುತ್ತಲೇ ತಮ್ಮ ಕತೆ ಹೇಳಿದರು. ಮದುವೆಯಾಗಿ ಬಂದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿಗೆ. ಗಂಡ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಶಿಫ್ಟು ಮುಗಿಸಿ ಬಂದವರು ಹಿಂದಿನ ಮೈದಾನದಲ್ಲಿ ಕ್ಯಾರಿಯರ್ ಹಿಡಿದು ಓಡುತ್ತ ಇವರಿಗೆ ಸೈಕಲ್ ಕಲಿಸಿದರು. ಆದರೆ ಮನೆಯ ಬಾಗಿಲಲ್ಲಿ ಅತ್ತೆ ಕೂತಿರುತ್ತಿದ್ದರು. ಹಾಗಾಗಿ ಬೀದಿಯ ತಿರುವಿನಲ್ಲೇ ಇಳಿದು, ಸೈಕಲ್ಲನ್ನು ಗಂಡನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ನಡೆದು ಹೋಗಬೇಕಿತ್ತು. ಆ ಮನೆ ಬಿಡುವ ತನಕವೂ ಹಾಗೇ ನಡೆಯಿತು.

"ಒಂದ್ಸಲನಾದ್ರೂ ಇಳೀದೆ ಬಾಗಿಲ ತನಕ ಹೋಗ್ಬೇಕು ಸರ್. ನಮ್ ಯಜಮಾನ್ರಿಗೂ ಅದೇ ಆಸೆ ಇತ್ತು. ಈಗ ಅವರೂ ಇಲ್ಲ, ಅತ್ತೆನೂ ಇಲ್ಲ."

ನಾವು ಕಾಗದನಗರ ತಲುಪಿದಾಗ ಬಿಸಿಲು ಚುರುಕಾಗಿತ್ತು. ಬಳಗ ಎಂದಿನಂತೆ ಎಲ್ಲ ಮುಗಿಸಿ ಕೂತಿತ್ತು. ಊರಿನ ಚರಿತ್ರೆ ಹೇಳಿಯಾಗಿತ್ತು, ಕಾರ್ಖಾನೆ ಮುಚ್ಚಿ ಖಾಲಿಯಾದ ಕ್ವಾರ್ಟರ್ಸಿನ ಎದುರು ಫೋಟೋನೂ ಆಗಿತ್ತು. ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಮುಂದಾಳು ಹೆಲ್ಮೆಟ್ ಹಾಕಿಕೊಳ್ಳುತ್ತ, "ನಿಮಗೇ ಕಾಯ್ತಾ ಇದ್ವಿ ಮೇಷ್ಟ್ರೇ. ಊದಿ ಮಾರಾಯ್ರೆ, ಬಿಸಿಲು ಏರ್ತಿದೆ" ಎಂದ.

ಅಕ್ಕ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. "ಸರ್, ಅಗೋ ಅದೇ ತಿರುವು. ಒಂದೈದು ನಿಮಿಷ."

ತಿರುವು ದೂರವಿರಲಿಲ್ಲ. ಮುಂದಿನವರೆಲ್ಲ ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲ್ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಬರೋಣ ಅಕ್ಕ, ಎಲ್ರಿಗೂ ಲೇಟಾಗುತ್ತೆ" ಎಂದು ವಿಷಲ್ ಊದಿದೆ. ಲೇಟಾಗುವಂಥದ್ದು ಯಾರಿಗೂ ಏನೂ ಇರಲಿಲ್ಲ. ನನಗೆ ಮನೆಗೆ ಹೋಗಿ ಕಾಲು ಚಾಚಿ ಮಲಗಬೇಕಿತ್ತು, ಅಷ್ಟೇ.

"ಆಗ್ಲಿ ಸರ್" ಎಂದು ಅವರು ಹ್ಯಾಂಡಲ್ ತಿರುಗಿಸಿದರು. ವಾಪಸು ದಾರಿಯುದ್ದಕ್ಕೂ ಹೋಗುವಾಗಿನದಕ್ಕಿಂತ ಜೋರಾಗಿ ತುಳಿದರು. ನನಗೆ ತೊಂದರೆಯಾಗಬಾರದೆಂದು ಹಾಗೆ ತುಳಿಯುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಅವರ ಹಿಂದೆ ನಾನೂ ಜೋರಾಗಿಯೇ ತುಳಿದೆ.

ಮುಂದಿನ ಭಾನುವಾರ ಸೋಗಾನೆಯ ವಿಮಾನ ನಿಲ್ದಾಣದ ಕಡೆಗೆ ಸವಾರಿ. ಅಕ್ಕ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಿರಾಳವಾಯಿತು. ಎಲ್ಲರ ಜೊತೆಗೇ ತಲುಪಿ, ಕೂತು, ಬಿಸಿ ಕಾಫಿ ಕುಡಿದೆ. ಅದರ ಮುಂದಿನ ವಾರವೂ ಅವರಿಲ್ಲ. ಮೂರನೆಯ ವಾರ ಲೋಟ ಕೈಯಲ್ಲಿ ಹಿಡಿದವನಿಗೆ, ಈ ಕಾಫಿ ನನಗೆ ಹೇಗೆ ಸಿಕ್ಕಿತು ಎಂದು ಹೊಳೆದು ನಾಚಿಕೆಯಾಯಿತು. ಅಂದೇ ಮಧ್ಯಾಹ್ನ ಫೋನ್ ಮಾಡಿದೆ.

"ಭದ್ರಾವತಿಗೆ ಹೋಗೋಣ್ವಾ ಅಕ್ಕ? ಬಳಗ ಬೇಡ."

"ನಿಮ್ ಮಂಡಿ ಹೇಗಿದೆ ಸರ್?" ಎಂದರು. ಮಂಡಿಯ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ.

ಒಂದು ರಜೆಯ ದಿನ ಬೆಳಿಗ್ಗೆ ಹೊರಟೆವು. ಅದೇ ನಿಧಾನ, ಅದೇ ನೋವು. ಲಾರಿಗಳ ಧೂಳು ಕುಡಿದು ಗಂಟಲು ಕಟ್ಟಿತು. ಪುಣ್ಯದ ಕೆಲಸಕ್ಕೆ ಹೊರಟಿದ್ದೇನೆ ಎಂಬ ಹುರುಪು ಅರ್ಧ ದಾರಿಗೇ ಇಳಿದುಹೋಗಿ, ಉಳಿದ ಅರ್ಧವನ್ನು ಗೊಣಗುತ್ತ ತುಳಿದೆ. ಕಾಗದನಗರದ ಆ ತಿರುವಿನಲ್ಲಿ ನಾನು ನಿಂತೆ. ಅಕ್ಕನ ಸೈಕಲ್ಲೂ ನಿಧಾನವಾಯಿತು. ಎಡಗಾಲು ತಾನಾಗಿಯೇ ಪೆಡಲ್ ಬಿಟ್ಟು ನೆಲದತ್ತ ಇಳಿಯಿತು. ಮರುಕ್ಷಣ ಮೇಲೆಳೆದುಕೊಂಡು ತುಳಿದರು.

ಬೀದಿಯಲ್ಲಿ ಯಾರೂ ಇರಲಿಲ್ಲ. ಬೀಗ ಹಾಕಿದ ಬಾಗಿಲು, ಮೆಟ್ಟಿಲ ಮೇಲೆ ಒಣಗಿದ ಎಲೆ. ಮೆಟ್ಟಿಲಿಗೆ ಚಕ್ರ ತಾಗುವಷ್ಟು ಹತ್ತಿರ ಹೋಗಿ ಒಮ್ಮೆ ಬೆಲ್ ಹೊಡೆದರು. ಇಳಿಯಲಿಲ್ಲ. ಅಲ್ಲೇ ಒಂದು ಸುತ್ತು ತಿರುಗಿಸಿಕೊಂಡು ನನ್ನ ಬಳಿಗೆ ಬಂದರು. ಮುಖವೆಲ್ಲ ಬೆವರು.

"ಹೋಗೋಣ ಸರ್."

"ಇಷ್ಟು ಬೇಗನಾ? ಕೂತ್ಕೊಳ್ಳಿ ಅಕ್ಕ, ಯಾರೂ ಕಾಯ್ತಿಲ್ಲ."

"ಇಲ್ಲ ಸರ್, ಆಯ್ತು" ಎಂದರು. ಧ್ವನಿಯಲ್ಲಿ ದೂರು ಒಂದಿಷ್ಟೂ ಇರಲಿಲ್ಲ. "ಅವತ್ತು ಕೇಳಿದ್ದೂ ಇಷ್ಟೇ."