ವೇಣೂರಿಗೆ ಹೋಗಬೇಕಿದ್ದ ನಾಯಿಮರಿ

ಮೂಡುಬಿದಿರೆ–ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಮುಂಡಪ್ಪ ಇಪ್ಪತ್ತೆರಡು ವರ್ಷಗಳಲ್ಲಿ ಸಾಗಿಸದ ಪಾರ್ಸೆಲ್ ಇರಲಿಲ್ಲ. ಮದ್ದು, ಪಂಪಿನ ಬಿಡಿಭಾಗ, ಮನೆಯಲ್ಲೇ ಮರೆತ ಹಾಲ್ ಟಿಕೆಟ್. ಕೊಡುವವರು ಇಲ್ಲಿ ಕೊಡುತ್ತಾರೆ, ಪಡೆಯುವವರು ಅಲ್ಲಿ ಸ್ಟಾಪಿನಲ್ಲಿ ಕಾದು ನಿಂತಿರುತ್ತಾರೆ. ಚೀಟಿಯೂ ಇಲ್ಲ, ಸಹಿಯೂ ಇಲ್ಲ. ಆದರೆ ಆ ಬೆಳಿಗ್ಗೆ ಮೂಡುಬಿದಿರೆಯಲ್ಲಿ ಪರಿಚಯದ ನೋಣಯ್ಯ ತಂದ ರಟ್ಟಿನ ಪೆಟ್ಟಿಗೆ ಕುಂಯ್‌ಗುಟ್ಟಿತು.

"ನಾಯಿಮರಿ. ವೇಣೂರಿನಲ್ಲಿ ಅಕ್ಷಿತಾ ಟೀಚರ್ ಬಂದು ತಕೊಳ್ತಾರೆ. ನಿನ್ನೆ ತಾಯಿಯಿಂದ ಬಿಡಿಸಿದ ಮೇಲೆ ಒಂದು ತೊಟ್ಟು ಹಾಲು ಮುಟ್ಟಲಿಲ್ಲ ಮಾರಾಯ. ಸಂಜೆವರೆಗೂ ಕುಡಿಯದಿದ್ರೆ ವಾಪಸ್ ಕಳಿಸ್ಲಿಕ್ಕೆ ಟೀಚರಿಗೆ ಹೇಳಿದ್ದೇನೆ," ಎಂದ ನೋಣಯ್ಯ ಮಂಗಳೂರಿನ ಬಸ್ಸು ಹತ್ತಿ ಹೋಗಿಯೇಬಿಟ್ಟ.

ವೇಣೂರಿನಲ್ಲಿ ಟೀಚರ್ ಇರಲಿಲ್ಲ. ಮುಂಡಪ್ಪ ಫೋನ್ ಮಾಡಿದ.

"ಅಯ್ಯೋ ಮುಂಡಪ್ಪಣ್ಣ, ನನ್ನನ್ನು ದಿಢೀರಂತ ಪರೀಕ್ಷೆ ಡ್ಯೂಟಿಗೆ ಹಾಕಿದ್ರು! ಸಂಜೆ ಟ್ರಿಪ್ಪಿಗೆ ಖಂಡಿತ ಬರ್ತೇನೆ. ಅದು ಹಾಲು ಕುಡೀತಾ?"

ಕುಡಿದಿರಲಿಲ್ಲ. ಹೋಟೆಲಿನಿಂದ ತಟ್ಟೆಯಲ್ಲಿ ತಂದ ಹಾಲಿಗೆ ಮರಿ ಮೂಗು ತಾಗಿಸಿ, ಸೀನಿ, ಹಿಂದೆ ಸರಿಯಿತು.

ಮುಂಡಪ್ಪನಿಗೆ ನಾಯಿ ಸಾಕುವ ಆಸೆ ಹಳೆಯದು. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಸೇರುವವನಿಗೆ ಅದೆಲ್ಲ ಎಲ್ಲಿ ಸಾಧ್ಯ? ಹೆಂಡತಿ ಕಾಂತಿ, "ನಿಮ್ಮನ್ನು ಕಾಯುವುದೇ ನನಗೆ ಸಾಕು," ಎಂದು ನಗುತ್ತಿದ್ದಳು. ಈಗ ಸಂಜೆಯವರೆಗೆ ಒಂದು ಮರಿ ತನ್ನದು ಎಂಬ ಖುಷಿ ಅವನ ಸೀಟಿಯಲ್ಲೇ ಕೇಳುತ್ತಿತ್ತು.

"ಅದನ್ನು ನನ್ನ ಹತ್ತಿರ ಬಿಡಬೇಡಿ ಮಾರಾಯ್ರೇ, ನಮಾಜಿಗೆ ಹೋಗ್ಲಿಕ್ಕುಂಟು, ನಾಯಿ ನೆಕ್ಕಿದ್ರೆ ಆಗುದಿಲ್ಲ," ಎಂದ ಡ್ರೈವರ್ ಅಸ್ಕರ್, ಗುರುವಾಯನಕೆರೆಯ ಹತ್ತಿರ ಯಾರೂ ಕೇಳದೆಯೇ ಬಸ್ಸು ನಿಲ್ಲಿಸಿದ. "ಪಾಪ, ಉಚ್ಚೆ ಹೊಯ್ಲಿಕ್ಕೆ ಉಂಟೋ ಏನೋ, ಇಳಿಸಿ ನೋಡಿ."

ಬಸ್ಸಿನ ತುಂಬ ಸಲಹೆಗಳು. ಬಿಸ್ಕತ್ತು ಕೊಡಿ ಎಂದರು, ಮೊಸರು ಎಂದರು. ಮರಿ ಯಾವುದಕ್ಕೂ ಬಾಯಿ ತೆರೆಯಲಿಲ್ಲ. ಮಧ್ಯಾಹ್ನದ ಟ್ರಿಪ್ಪಿನಲ್ಲಿ, ಆಡು ಸಾಕುವ ಜೈನಬಮ್ಮ ಎರಡು ಸೀಟು ಆಚೆಯಿಂದ ಸೀರೆ ಒತ್ತರಿಸಿಕೊಂಡು ಗದರಿದರು: "ಹುಟ್ಟಿದಾಗಿಂದ ತಾಯಿ ಹತ್ತಿರ ಚೀಪಿ ಕುಡಿದದ್ದಲ್ವಾ? ಅದಕ್ಕೆ ತಟ್ಟೆ ಎಂತ ಗೊತ್ತು? ಬೆರಳು ಅದ್ದಿ ಕೊಡಿ!"

ಬೆಳ್ತಂಗಡಿಯಲ್ಲಿ ಬಸ್ಸು ಖಾಲಿಯಾದ ಮೇಲೆ ಮುಂಡಪ್ಪ ಕೈ ತೊಳೆದು, ಹಾಲಿನಲ್ಲಿ ಕಿರುಬೆರಳು ಅದ್ದಿ ಚಾಚಿದ. ಮರಿ ಮೂಸಿತು. ನೆಕ್ಕಿತು. ಮತ್ತೆ ಬೆರಳನ್ನೇ ಹಿಡಿದು ಚೀಪತೊಡಗಿತು. ಕಚಗುಳಿಗೆ ಆ ದೊಡ್ಡ ಮನುಷ್ಯ ಮಕ್ಕಳಂತೆ ಕಿಲಕಿಲ ನಕ್ಕ. ಅರ್ಧ ಲೋಟ ಮುಗಿಸಿ ಮರಿ ಅವನ ತೊಡೆಯ ಮೇಲೆಯೇ ನಿದ್ದೆ ಹೋಯಿತು. ಅವನು ಚಹಾ ಕುಡಿಯಲೂ ಏಳಲಿಲ್ಲ.

ಸಂಜೆ ವೇಣೂರಿನಲ್ಲಿ ಅಕ್ಷಿತಾ ಟೀಚರ್ ಹಾಲಿನ ತಟ್ಟೆ ಹಿಡಿದೇ ನಿಂತಿದ್ದರು. "ನನ್ನ ಹತ್ತಿರ ಕುಡಿಯದಿದ್ರೆ ಇದೇ ಬಸ್ಸಲ್ಲಿ ವಾಪಸ್ಸಾ?" ಎಂದರು, ಅಳುಮೋರೆಯಲ್ಲಿ.

ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಎಂದೂ ಒಂದು ನಿಮಿಷವೂ ಕಾಯದ ಅಸ್ಕರ್ ಇಂಜಿನ್ ಆಫ್ ಮಾಡಿದ. ಮುಂಡಪ್ಪ ಕೆಳಗಿಳಿದು, "ತಟ್ಟೆ ಬೇಡ ಟೀಚರ್, ಬೆರಳು ಕೊಡಿ," ಎಂದು ಹಾಲಿನಲ್ಲಿ ಅದ್ದಿಸಿದ. ಮರಿ ಒಮ್ಮೆ ಮುಂಡಪ್ಪನ ಮುಖ ನೋಡಿತು, ಆಮೇಲೆ ಟೀಚರ ಬೆರಳು ಹಿಡಿಯಿತು.

"ಕುಡೀತು!" ಎಂದು ಕಿಟಕಿಗಳೆಲ್ಲ ಕೂಗಿದವು.