ಹಾರ್ನ್ ಇಲ್ಲದ ಗಾಡಿ

ಬೈಲಹೊಂಗಲದ ಬುರಾನಸಾಬರಿಗೆ ಇಪ್ಪತ್ತಾರು ವರ್ಷದ ಡ್ರೈವಿಂಗಿನಲ್ಲಿ ಆದದ್ದು ಮೂರೇ ಅಪಘಾತ. ಒಂದು ಎಮ್ಮೆ, ಒಂದು ಮೈಲಿಗಲ್ಲು, ಒಂದು ಕಲ್ಯಾಣಮಂಟಪದ ಕಂಪೌಂಡು. ಮೂರರಲ್ಲೂ ತಪ್ಪು ಎದುರಿನವರದೇ ಎಂದು ಅವರು ಆಣೆ ಮಾಡಿ ಹೇಳುತ್ತಿದ್ದರು. ಎಮ್ಮೆಯ ವಿಷಯದಲ್ಲಿ ಜನ ಒಪ್ಪಿಕೊಂಡಿದ್ದರು. ಮೈಲಿಗಲ್ಲಿನ ವಿಷಯದಲ್ಲಿ ಕೆಲವರಿಗೆ ಅನುಮಾನವಿತ್ತು. ಕಂಪೌಂಡಿನ ಬಗ್ಗೆ ಯಾರಾದರೂ ಕೇಳಿದರೆ ಬುರಾನಸಾಬರು ಗಡ್ಡ ನೀವಿಕೊಂಡು, "ಹಿಂದಿನ ದಿನಾ ಅದು ಅಲ್ಲಿ ಇರಲೇ ಇಲ್ರಿ" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅವರದು ಬೈಲಹೊಂಗಲ–ಸವದತ್ತಿ ನಡುವೆ ಪ್ರಯಾಣಿಕರನ್ನು ಒಯ್ಯುವ ಟ್ರ್ಯಾಕ್ಸ್ ಜೀಪು. ಮಂಗಳವಾರ, ಶುಕ್ರವಾರ ಉಗರಗೋಳ ದಾಟಿ ಯಲ್ಲಮ್ಮನ ಗುಡ್ಡದವರೆಗೂ ಹೋಗುತ್ತಿತ್ತು. ಪಾಳಿ ಬರುವತನಕ ಬಸ್‌ಸ್ಟ್ಯಾಂಡಿನ ಎದುರಿನ ಬಸಲಿಂಗಪ್ಪನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ಹಾದುಹೋಗುವ ಒಂದೊಂದು ಗಾಡಿಗೂ ಅವರು ಮಾರ್ಕು ಹಾಕುತ್ತಿದ್ದರು. ಬಸ್ಸಿನವನಿಗೆ ಬ್ರೇಕು ಹಾಕಲು ಬರುವುದಿಲ್ಲ. ಟ್ರ್ಯಾಕ್ಟರಿನವನಿಗೆ ತಿರುವು ತಿಳಿಯುವುದಿಲ್ಲ. ಹೊಸ ಹುಡುಗರಿಗಂತೂ ಗೇರು ಯಾವುದು, ಛತ್ರಿಯ ಹಿಡಿಕೆ ಯಾವುದು ಎನ್ನುವುದೇ ಗೊತ್ತಿಲ್ಲ. ಅವರ ಪ್ರಕಾರ ಕಿತ್ತೂರಿನಿಂದ ರಾಮದುರ್ಗದವರೆಗೆ ಗಾಡಿ ಹೊಡೆಯಲು ಬಲ್ಲವರು ಇಬ್ಬರೇ. ಅದರಲ್ಲಿ ಒಬ್ಬ ಆಗಲೇ ತೀರಿಕೊಂಡಿದ್ದ.

ಬುರಾನಸಾಬರ ಹೆಂಡತಿ ದಿಲಶಾದಬಿ. ಸಂಪಗಾಂವದ ತವರಿಗೆ ಹೋಗುವಾಗ ಗಂಡನ ಬೆನ್ನ ಹಿಂದಿನ ಸೀಟಿನಲ್ಲಿ ಕುಳಿತು ಆಗೀಗ, "ಸಾವಕಾಶ್ರಿ" ಅನ್ನುತ್ತಿದ್ದಳು. "ನಿನಗೇನ್ ತಿಳಿತೈತಿ, ಸುಮ್ನ ಕುಂಡ್ರು" ಎಂದು ಬುರಾನಸಾಬರು ಹಾರ್ನ್ ಒತ್ತುತ್ತಿದ್ದರು. ಎದುರಿಗೆ ಯಾರೂ ಇಲ್ಲದಿದ್ದರೂ ಒತ್ತುತ್ತಿದ್ದರು.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಅವರ ಅಕ್ಕನ ಮಗ ಖಾಲಿದ್ ಪುಣೆಯಿಂದ ಒಂದು ಮಷೀನು ತಂದ. ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಪುಣೆಯಲ್ಲಿ ಯಾವುದೋ ದೊಡ್ಡ ಗೇಮಿನ ಹಾಲ್ ಬಾಗಿಲು ಹಾಕಿಕೊಂಡಾಗ, ಅಲ್ಲಿಯ ಸರಂಜಾಮನ್ನು ಗುಜರಿಯವನಿಗಿಂತ ಮೊದಲು ಹೋಗಿ ಎತ್ತಿಕೊಂಡು ಬಂದಿದ್ದ. ಒಂದು ಸೀಟು, ಸ್ಟೇರಿಂಗು, ಕಾಲಿಗೆ ಪೆಡಲ್ಲು, ಮತ್ತು ಮೇಲಿನಿಂದ ವಾಯರಿಗೆ ಜೋತುಬಿದ್ದ ಒಂದು ಭಾರೀ ಹೆಲ್ಮೆಟ್ಟು. ಅದನ್ನು ತಲೆಗೆ ಹಾಕಿಕೊಂಡರೆ ಕಣ್ಣ ಮುಂದೆ ರೇಸಿನ ರಸ್ತೆ. ತಲೆ ತಿರುಗಿಸಿದರೆ ರಸ್ತೆಯೂ ತಿರುಗುತ್ತಿತ್ತು. ತುಸು ತಡವಾಗಿ, ಸರ್ಕಾರಿ ಆಫೀಸಿನ ಜವಾನ ತಿರುಗಿದ ಹಾಗೆ. ಹಾಕಿಕೊಂಡವನಿಗೆ ಏನು ಕಾಣುತ್ತದೋ ಅದು ಪಕ್ಕದ ಟೀವಿಯಲ್ಲಿ ಉಳಿದವರಿಗೂ ಕಾಣುತ್ತಿತ್ತು. ಖಾಲಿದ್ ಅದನ್ನು ವರ್ಚುವಲ್ ರಿಯಾಲಿಟಿ ಎಂದು ಬೋರ್ಡಿನಲ್ಲಿ ಬರೆಸಿದ. ಊರು ಅದಕ್ಕೆ ಬುಟ್ಟಿ ಆಟ ಎಂದು ಹೆಸರಿಟ್ಟಿತು.

ಉದ್ಘಾಟನೆ ಯಾರಿಂದ ಎಂಬ ಪ್ರಶ್ನೆಯೇ ಏಳಲಿಲ್ಲ. ಬುರಾನಸಾಬರು ತಾವೇ ಇಸ್ತ್ರಿ ಅಂಗಿ ಹಾಕಿಕೊಂಡು ಬಂದುಬಿಟ್ಟಿದ್ದರು. ಬಸಲಿಂಗಪ್ಪ ಹಾರ ಹಾಕಿದ. ಹುಡುಗರು ಸಿಳ್ಳೆ ಹೊಡೆದರು. ಸಾಬರು ಸೀಟಿನ ಮೇಲೆ ಕುಳಿತು ಬಿಸ್ಮಿಲ್ಲಾ ಅಂದು ಹೆಲ್ಮೆಟ್ ಏರಿಸಿಕೊಂಡರು. ಕೈ ಸ್ಟೇರಿಂಗಿನ ನಡುವೆ ತಡಕಾಡಿತು.

"ಖಾಲಿದ್, ಹಾರ್ನ್ ಎಲ್ಲೈತೋ?"

"ರೇಸಿನ ಗಾಡಿಗೆ ಹಾರ್ನ್ ಇರೂದಿಲ್ಲ ಮಾಮೂ."

"ಹಾರ್ನ್ ಇಲ್ದ ಗಾಡಿ ಹೊಡಿಯೂದು ಹ್ಯಾಂಗೋ?" ಎಂದರು ಸಾಬರು. ಅವರ ದನಿಯಲ್ಲಿ ಮೊದಲ ಸಲ ಅಳುಕಿತ್ತು. ಹೆಲ್ಮೆಟ್ಟಿನ ಒಳಗಿಂದ ಬಂದದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ.

ಆಟ ಶುರುವಾಯಿತು. ಹತ್ತು ಕಾರುಗಳು ಸುಯ್ಯೆಂದು ಮುಂದೆ ಹೋದವು. ಬುರಾನಸಾಬರು ಪದ್ಧತಿಯಂತೆ ಬಲಗೈ ಹೊರಗೆ ಚಾಚಿ ಸಿಗ್ನಲ್ ಕೊಟ್ಟರು; ಅದು ಪಕ್ಕದಲ್ಲಿ ನಿಂತಿದ್ದ ಬಸಲಿಂಗಪ್ಪನ ಕೆನ್ನೆಗೆ ಬಿತ್ತು. ಮೊದಲ ತಿರುವಿನಲ್ಲಿ ಗಾಡಿ ಹುಲ್ಲಿಗೆ ಇಳಿಯಿತು. ಹುಲ್ಲಿನಿಂದ ಮತ್ತೆ ರಸ್ತೆಗೆ ಹತ್ತುವಾಗ ಮುಖ ಉಲ್ಟಾ ಆಗಿತ್ತು. ಇದು ಟೀವಿ ನೋಡುತ್ತಿದ್ದವರಿಗೆಲ್ಲ ತಿಳಿಯಿತು, ಅವರೊಬ್ಬರಿಗೆ ತಿಳಿಯಲಿಲ್ಲ. ಸುತ್ತು ಹಾಕಿ ಬಂದ ಹತ್ತೂ ಕಾರುಗಳು ಎದುರಿಗೆ ನುಗ್ಗಿದಾಗ ಸಾಬರು ಕೆಂಡವಾದರು.

"ಲೇ, ಕಣ್ಣ ಕಾಣಸ್ತಾವೇನಲೇ? ನಿಮ್ಮಪ್ಪನ ರಸ್ತೇನು?"

ಒಂದೊಂದು ಕಾರಿಗೂ ಒಂದೊಂದು ಬೈಗುಳ. ಹತ್ತಕ್ಕೂ ಬೇರೆಬೇರೆ. ಅಂಗಡಿಯ ತುಂಬ ನಗೆ ಎದ್ದಿತು. ಅದನ್ನು ಅವರು ಮೆಚ್ಚುಗೆ ಎಂದುಕೊಂಡರು. ಅಷ್ಟರಲ್ಲಿ ರಸ್ತೆಯ ಬದಿಯಲ್ಲಿ ಬಾವುಟ ಹಿಡಿದು ಟೊಪ್ಪಿಗೆ ಹಾಕಿದ ಒಬ್ಬ ಮನುಷ್ಯ ಕಂಡ. ರೇಸ್ ಮುಗಿಸುವ ಜಾಗದಲ್ಲಿ ಅಂಥವನೊಬ್ಬ ನಿಂತಿರುತ್ತಾನೆ. ಬುರಾನಸಾಬರು ಅವನನ್ನು ಕಂಡಿದ್ದೇ ತಡ, ಪಕ್ಕಕ್ಕೆ ತಗೊಂಡು, ಗಾಡಿ ನಿಲ್ಲಿಸಿ, ಅಂಗಿಯ ಜೇಬಿಗೆ ಕೈ ಹಾಕಿ, ಮಡಚಿದ ನೋಟೊಂದನ್ನು ಗಾಳಿಯಲ್ಲಿ ಚಾಚಿದರು.

"ಸಾಹೇಬ್ರ, ಹದಿನಾಲ್ಕ ಮಂದಿ ಅದಾರ ಅಷ್ಟ."

ಆ ಹೊತ್ತಿಗೆ ಅಂಗಡಿಯಲ್ಲಿ ನಿಂತು ನಗುವವರಿಗಿಂತ ಕುಳಿತು ನಗುವವರು ಹೆಚ್ಚಾಗಿದ್ದರು. ಖಾಲಿದ್ ಹೆಲ್ಮೆಟ್ ತೆಗೆದ. ಇಪ್ಪತ್ತಾರು ವರ್ಷ ಗುಡ್ಡದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಪ್ರಯಾಣಿಕರನ್ನು ಬೈದು ಬಂದಿದ್ದ ಬುರಾನಸಾಬರು, ಎದ್ದು ಎರಡು ಹೆಜ್ಜೆ ಇಟ್ಟು, ತಮ್ಮ ಹಾರದ ಮೇಲೆಯೇ ವಾಂತಿ ಮಾಡಿಕೊಂಡರು.

ಮರುದಿನದಿಂದ ಸವದತ್ತಿಗೆ ಹೋಗುವವರು ಟ್ರ್ಯಾಕ್ಸ್ ಹತ್ತುವ ಮೊದಲು, "ಸಾಬರ, ಇವತ್ತ ಗಾಡಿ ಯಾ ಕಡೆ ಮುಖಾ ಮಾಡೇತ್ರಿ?" ಎಂದು ಕೇಳತೊಡಗಿದರು. ಸಾಬರು ಮಷೀನನ್ನೇ ಬೈದರು. ಅದು ಫಾರಿನ್ನಿನ ರಸ್ತೆ, ಅದರಲ್ಲಿ ಒಂದಾದರೂ ಗುಂಡಿ ಇತ್ತೇನು? ಗುಂಡಿ ಇಲ್ಲದ ರಸ್ತೆಯಲ್ಲಿ ಯಾರಾದರೂ ಹೊಡೆಯುತ್ತಾರೆ. ಹೀಗೆ ಬೆಂಚಿನ ಮೇಲೆ ಭಾಷಣ ಮಾಡಿ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು ಹಿಂಬಾಗಿಲಿನಿಂದ ಖಾಲಿದನ ಅಂಗಡಿಗೆ ಹೋಗಿ ಬುಟ್ಟಿ ಹಾಕಿಕೊಳ್ಳುತ್ತಿದ್ದರು. ಹದಿನೈದು ದಿನಕ್ಕೆ ವಾಂತಿ ನಿಂತಿತು. ತಿಂಗಳಿಗೆ ಗಾಡಿಯ ಮುಖ ನೆಟ್ಟಗಾಯಿತು. ಎರಡನೇ ತಿಂಗಳಿಗೆ ತಮ್ಮದೂ ಸೇರಿ ಹನ್ನೊಂದು ಕಾರುಗಳಲ್ಲಿ ಆರನೆಯವರಾಗಿ ಬಂದರು. ಅಂದು ಬಸಲಿಂಗಪ್ಪನ ಅಂಗಡಿಯಲ್ಲಿ ಎಲ್ಲರಿಗೂ ತಮ್ಮ ಖರ್ಚಿನಲ್ಲಿ ಚಹಾ ಹೇಳಿದರು. ಯಾಕೆಂದು ಮಾತ್ರ ಹೇಳಲಿಲ್ಲ.

ಆದರೆ ಆಟ ಮುಗಿದಾಗಲೆಲ್ಲ ಟೀವಿಯ ಮೇಲೆ ಎಲ್ಲರಿಗಿಂತ ಬೇಗ ಮುಗಿಸಿದವರ ಹೆಸರು ಬರುತ್ತಿತ್ತು. ಮಷೀನು ಇಂಗ್ಲಿಷಿನ ಮೂರೇ ಅಕ್ಷರ ಬರೆಯಲು ಬಿಡುತ್ತಿತ್ತು. ಮೊದಲ ಹೆಸರು ಡಿ, ಐ, ಎಲ್. ಎರಡನೆಯದೂ ಅದೇ. ಐದನೆಯದರವರೆಗೂ ಅದೇ.

"ಯಾರಿಂವಾ ದಿಲ್ ಅಂದ್ರ?" ಎಂದು ಸಾಬರು ಕೇಳಿದರು.

ಖಾಲಿದ್ ವಾಯರು ಬಿಗಿಮಾಡುವವನಂತೆ ಮಷೀನಿನ ಹಿಂದೆ ಬಗ್ಗಿದ. "ಯಾರೋ ಬರ್ತಾರ ಮಾಮೂ."

"ಯಾವುದೋ ಆಶಿಕ್ ಇರಬೇಕು. ಹೆಸರ ನೋಡಿದ್ರ ತಿಳಿತೈತಿ. ಇಂಥಾವರ ಕೈಯಾಗ ಸ್ಟೇರಿಂಗ್ ಕೊಟ್ಟದ್ದಕ್ಕ ದೇಶ ಹಿಂಗಾಗೇತಿ."

ದಿಲ್ ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಖಾಲಿದ್ ಗುರುವಾರ ಮಧ್ಯಾಹ್ನ ಅಂಗಡಿಯನ್ನು ಹೆಂಗಸರಿಗೆಂದು ಬಿಡುತ್ತಿದ್ದ. ಮೊದಲ ಗುರುವಾರವೇ ದಿಲಶಾದಬಿ, ಗಂಡ ಯಾವುದರಲ್ಲಿ ಮರ್ಯಾದೆ ಕಳೆದುಕೊಂಡರು ಎಂದು ನೋಡಲು ಬಂದವಳು, ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ ಹೆಲ್ಮೆಟ್ ಹಾಕಿಕೊಂಡಳು. ಅವಳಿಗೆ ವಾಂತಿ ಬರಲಿಲ್ಲ. ಯಾರನ್ನೂ ಬೈಯಲಿಲ್ಲ. ತಿರುವು ಬಂದಾಗ ನಿಧಾನ ಮಾಡಿದಳು, ತಿರುವು ಮುಗಿದಾಗ ಜೋರು ಮಾಡಿದಳು. ಇಷ್ಟೇ ಸಂಗತಿ. ಊರಿನ ಗಂಡಸರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಎರಡನೇ ಗುರುವಾರ ಅವಳು ಮೂರನೆಯವಳಾದಳು, ನಾಲ್ಕನೇ ಗುರುವಾರ ಮೊದಲನೆಯವಳು.

ಇದು ಬಸಲಿಂಗಪ್ಪನಿಗೂ ಗೊತ್ತಿತ್ತು. ಕೆನ್ನೆಯ ಏಟನ್ನು ಅವನು ಇನ್ನೂ ಮರೆತಿರಲಿಲ್ಲ. ಒಂದು ದಿನ ಬೆಂಚು ತುಂಬಿದ್ದಾಗ ಚಹಾ ಸೋಸುತ್ತ ತಣ್ಣಗೆ, "ಸಾಬರ, ಆ ದಿಲ್ ಅನ್ನಾವ ನಿಮಗಿಂತ ಚಲೋ ಹೊಡಿತಾನಂತಲ್ರಿ" ಅಂದ.

ಸಾಬರು ಎದ್ದು ನಿಂತರು. "ಕರಸ್ರಿ ಅವನ್ನ! ಐತವಾರ ಎಲ್ಲಾರ ಮುಂದ ಆಟ ಆಗಲಿ. ಗೆದ್ದವ ಹೇಳಿದ್ದು ಸೋತವ ಮಾಡಬೇಕು. ಬುರಾನಸಾಬನ ಮಾತು!"

"ಏನಂದ್ರಿ? ಸ್ಟೋದ ಗದ್ಲದಾಗ ಕೇಳಸಲಿಲ್ಲ."

ಸಾಬರು ಮತ್ತೊಮ್ಮೆ ಹೇಳಿದರು. ಬಸಲಿಂಗಪ್ಪ ಸ್ಟೋ ಆರಿಸಿ, ಹಾದಿಯಲ್ಲಿ ಹೊರಟಿದ್ದ ಇನ್ನೂ ನಾಲ್ಕು ಮಂದಿಯನ್ನು ಕರೆದು, ಮೂರನೆಯ ಸಲವೂ ಹೇಳಿಸಿದ.

ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುರಾನಸಾಬರು ಬಾಗಿಲ ಕಡೆ ನೋಡುತ್ತ ಆಶಿಕನಿಗಾಗಿ ಕಾಯುತ್ತಿದ್ದಾಗ ದಿಲಶಾದಬಿ ಒಳಗೆ ಬಂದಳು.

"ಈಗ್ಯಾಕ ಬಂದಿ? ಊಟಕ್ಕ ಮನಿಗೇ ಬರ್ತಿದ್ನೆಲ್ಲ."

"ಊಟಾ ತಂದಿಲ್ರಿ" ಎಂದು ಅವಳು ಸೀಟಿನ ಮೇಲೆ ಕುಳಿತಳು.

ಬುರಾನಸಾಬರು ಹೆಂಡತಿಯನ್ನು ನೋಡಿದರು. ಟೀವಿಯ ಮೇಲಿನ ಮೂರು ಅಕ್ಷರ ನೋಡಿದರು. ಮತ್ತೆ ಹೆಂಡತಿಯನ್ನು ನೋಡಿದರು. ಅವರ ಕಿವಿ ಕೆಂಪಾದವು. ಸಿಟ್ಟಿಗಿಂತ ಹೆಚ್ಚಾಗಿ, ಇಷ್ಟು ದಿನ ತಾನು ಆಶಿಕ ಎಂದು ಬೈಯುತ್ತಿದ್ದವಳ ಕೈಯಿಂದಲೇ ರೊಟ್ಟಿ ತಿಂದೆನಲ್ಲ, ಅವಳು ಒಂದು ಸಲವೂ ನಗಲಿಲ್ಲವಲ್ಲ ಎಂಬುದು ಅವರನ್ನು ಚುಚ್ಚಿತು. ಹಿಂದೆ ಸರಿಯೋಣವೆಂದರೆ ಬಾಗಿಲಲ್ಲಿ ಬಸಲಿಂಗಪ್ಪ ನಿಂತಿದ್ದ.

ದಿಲಶಾದಬಿ ಎರಡು ನಿಮಿಷ ಒಂಬತ್ತು ಸೆಕೆಂಡಿಗೆ ಮುಗಿಸಿ, ಮುಸುಕು ಸರಿಮಾಡಿಕೊಂಡು ಪಕ್ಕಕ್ಕೆ ನಿಂತಳು. ಬುರಾನಸಾಬರ ಪಾಳಿ. ನ್ಯಾಯವಾಗಿ ಹೇಳಬೇಕೆಂದರೆ ಅವರು ಚೆನ್ನಾಗಿಯೇ ಶುರುಮಾಡಿದರು. ಮೊದಲ ಸುತ್ತಿನಲ್ಲಿ ಐದು ಕಾರು ಹಿಂದೆ ಹಾಕಿದರು. ಎರಡನೆಯ ಸುತ್ತಿನ ದೊಡ್ಡ ತಿರುವಿನಲ್ಲಿ ಬೈಲಹೊಂಗಲದ ಕರೆಂಟು ಹೋಯಿತು. ಟೀವಿ ಆರಿತು, ಫ್ಯಾನು ನಿಂತಿತು. ಆದರೆ ಸಾಬರು ನಿಲ್ಲಲಿಲ್ಲ. ಹಲ್ಲು ಕಚ್ಚಿಕೊಂಡು ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸುತ್ತಲೇ ಇದ್ದರು. ಒಂದು ನಿಮಿಷ ಕಳೆಯಿತು.

"ಮಾಮೂ," ಅಂದ ಖಾಲಿದ್ ಮೆಲ್ಲಗೆ, "ಕರೆಂಟ್ ಹೋಗೇತಿ."

"ಸುಮ್ನಿರೋ! ಬೋಗದಾ ಬಂದೈತಿ, ಇನ್ನೇನ್ ದಾಟತೇನಿ!"

ಆ ಕತ್ತಲ ಸುರಂಗದಿಂದ ಅವರನ್ನು ಹೊರಗೆ ತಂದವಳು ದಿಲಶಾದಬಿ. ತಾನೇ ಹೋಗಿ ಹೆಲ್ಮೆಟ್ ಎತ್ತಿ, ಬೆವರಿನಲ್ಲಿ ತೊಯ್ದಿದ್ದ ಅವರ ಮುಖವನ್ನು ಮುಸುಕಿನ ಅಂಚಿನಿಂದ ಒರೆಸಿದಳು. ಕರೆಂಟು ಬಂದ ಮೇಲೆ ಮತ್ತೊಂದು ಸಲ ಆಡಿಸಿದರು. ಎರಡು ನಿಮಿಷ ನಲವತ್ತು. ಮಾತು ಮಾತೇ, ಗೆದ್ದವರು ಏನು ಹೇಳುತ್ತಾರೋ ಎಂದು ಎಲ್ಲರೂ ಕಿವಿ ನಿಮಿರಿಸಿದರು.

"ನನಗ ಖರೇ ಗಾಡಿ ಕಲಿಸ್ರಿ" ಅಂದಳು ದಿಲಶಾದಬಿ.

ಸಾಬರು ಎರಡು ವಾರ ತಳ್ಳಿದರು. ಕ್ಲಚ್ಚಿನ ನೆಪ, ಟಾಯರಿನ ನೆಪ, ಸೊಂಟದ ನೆಪ. ಬಸಲಿಂಗಪ್ಪ ಚಹಾ ಕೊಡುವುದನ್ನೇ ನಿಲ್ಲಿಸಿದ ಮೇಲೆ ಮಣಿದರು. ಸಂಪಗಾಂವದ ಹಾದಿಯ ಬಯಲಿನಲ್ಲಿ ಟ್ರ್ಯಾಕ್ಸಿನ ಪಾಠ ನಡೆಯಿತು. ಅವಳು ಗಾಡಿ ನಡೆಸುತ್ತಿದ್ದಳು, ಅವರು ಕೂಗುತ್ತಿದ್ದರು. ಎಂಟು ದಿನವಾದ ಮೇಲೆ ದಿಲಶಾದಬಿ ಗಾಡಿ ನಿಲ್ಲಿಸಿ ಕೇಳಿದಳು: "ಇದು ಆ ಆಟಕ್ಕಿಂತ ಹಗೂರ ಐತಿ. ಇಷ್ಟಕ್ಕ ಇಪ್ಪತ್ತಾರು ವರ್ಷ ಅಷ್ಟ ಯಾಕ ಒದರಾಡಿದ್ರಿ?"

ಬುರಾನಸಾಬರು ಪಕ್ಕದಿಂದ ಕೈ ಚಾಚಿ ಹಾರ್ನ್ ಒತ್ತಿದರು. ಎದುರಿಗೆ ಜೋಳದ ಹೊಲ ಬಿಟ್ಟರೆ ಯಾರೂ ಇರಲಿಲ್ಲ.

ಲೈಸೆನ್ಸಿನ ಇನ್‌ಸ್ಪೆಕ್ಟರು ತಿಂಗಳಿಗೊಮ್ಮೆ ಊರಿಗೆ ಬಂದು ಮೈದಾನದಲ್ಲಿ ಪರೀಕ್ಷೆ ಮಾಡುತ್ತಿದ್ದ. ದಿಲಶಾದಬಿ ಗೂಟಗಳ ನಡುವೆ ಟ್ರ್ಯಾಕ್ಸನ್ನು ಮುಂದೆ ಒಯ್ದು, ಹಿಂದೆ ತಂದು, ಒಂದೂ ಗೂಟ ಬೀಳಿಸದೆ ಇಳಿದಳು. ಇನ್‌ಸ್ಪೆಕ್ಟರಿಗೆ ಖುಷಿಯಾಯಿತು. "ಕಲಿಸಿದವರು ಯಾರು?" ಎಂದ. ಬುರಾನಸಾಬರು ಎದೆ ಸೆಟೆಸಿ ಮುಂದೆ ಬಂದರು. ಬಂದದ್ದೇ ತಪ್ಪಾಯಿತು.

"ಎಲ್ಲಿ, ನಿಮ್ಮ ಲೈಸೆನ್ಸ್ ತೋರಸ್ರಿ."

ಅದರ ಅವಧಿ ಮುಗಿದು ಆರು ವರ್ಷವಾಗಿತ್ತು. ಅಷ್ಟು ವರ್ಷ ಯಾರೂ ಅದನ್ನು ನೋಡಿರಲಿಲ್ಲ. ನೋಡಬೇಕಾದವರಿಗೆ ಅವರು ಪ್ರತಿ ಸಲವೂ ಬೇರೇನನ್ನೋ ತೋರಿಸಿದ್ದರು. ಐದು ವರ್ಷ ದಾಟಿದರೆ ಹೊಸದಾಗಿ ಪರೀಕ್ಷೆ ಕೊಡಬೇಕೆಂದ ಇನ್‌ಸ್ಪೆಕ್ಟರು ಅವರಿಗೆ ಗೂಟಗಳ ಕಡೆ ಬೆರಳು ಮಾಡಿದ. ಬುರಾನಸಾಬರು ಹುಟ್ಟಿದ ಮೇಲೆ ಪರೀಕ್ಷೆ ಕೊಟ್ಟವರಲ್ಲ. ಹಿಂದಿನ ಲೈಸೆನ್ಸನ್ನು ಏಜೆಂಟನೊಬ್ಬ ಮನೆಗೇ ತಂದುಕೊಟ್ಟಿದ್ದ. ಅಂದು ಅವರು ರಿವರ್ಸ್ ಹೊಡೆದ ಮೇಲೆ ನಿಂತಿದ್ದ ಗೂಟ ಎರಡೇ.

ಮುಂದಿನ ತಿಂಗಳ ಪರೀಕ್ಷೆಯವರೆಗೆ ಟ್ರ್ಯಾಕ್ಸ್ ಸವದತ್ತಿಗೆ ಹೋಗಲಿಲ್ಲ. ದಿಲಶಾದಬಿ ಅದರಲ್ಲಿ ಅಕ್ಕತಂಗಿಯರನ್ನು ಕೂರಿಸಿಕೊಂಡು ಎರಡು ಸಲ ತವರಿಗೆ ಹೋಗಿಬಂದಳು. ಬುರಾನಸಾಬರು ಮನೆಯ ಹಿಂದೆ ಖಾಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ, ಅವಳು ತೋರಿಸಿದಂತೆ ರಿವರ್ಸ್ ಕಲಿತರು. ತಿಂಗಳಾದ ಮೇಲೆ ಪಾಸಾದರು. ಸಂಜೆ ಬಸಲಿಂಗಪ್ಪನ ಅಂಗಡಿಗೆ ಪೇಢೆಯ ಡಬ್ಬಿಯೊಂದಿಗೆ ಬಂದು ಎಲ್ಲರಿಗೂ ಹಂಚಿದರು.

"ಮೊದಲನೇ ಏಟಿಗೇ ಪಾಸು ನೋಡ್ರಿ!"

"ಹಂಗಾದ್ರ ಹ್ವಾದ ತಿಂಗಳದ್ದು ಏನ್ರಿ?" ಎಂದ ಬಸಲಿಂಗಪ್ಪ, ಬಾಯಲ್ಲಿ ಪೇಢೆ ಇಟ್ಟುಕೊಂಡೇ.

"ಅದು ಇನ್‌ಸ್ಪೆಕ್ಟರಂದು ಪರೀಕ್ಷಾ ಇತ್ತು" ಎಂದರು ಬುರಾನಸಾಬರು. "ಅಂವಾ ನಪಾಸಾದ."