ಓಟದ ಕಾರಿಗೆ ಗಾದಿ ಯಾಕೆ?

ನನ್ನ ಹತ್ತಿರ ಕಾರಿಲ್ಲ. ಕಾರಿನ ಬಗ್ಗೆ ಅಭಿಪ್ರಾಯಗಳಿವೆ. ಅಭಿಪ್ರಾಯಗಳಿಗೆ ಪೆಟ್ರೋಲು ಬೇಡ, ವಿಮೆ ಬೇಡ, ನಿಲ್ಲಿಸಲು ಮನೆಯ ಮುಂದೆ ಜಾಗವೂ ಬೇಡ. ಹಾಗಾಗಿ ಯಲಬುರ್ಗಾದ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬ ಅವನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು, ನಾನು ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ನಾನು ಯಾರ ಎದುರಿಗೂ ಬಿಟ್ಟುಕೊಡದ ಅಭಿಪ್ರಾಯ ಇದು: ಓಡುವುದಕ್ಕೆಂದೇ ಹುಟ್ಟಿದ ಕಾರಿನಲ್ಲಿ ಮಲಗುವ ಸೌಕರ್ಯ ಇರಕೂಡದು. ಬಸ್ಸಿನಲ್ಲಿ ಓಡಾಡುವ ಮನುಷ್ಯನಿಗೆ ಸ್ಪೋರ್ಟ್ಸ್ ಕಾರಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಾಳೆ.

ಯಾಕೆಂದರೆ ನನಗೊಂದು ಆಸೆಯಿದೆ. ಅಂಥದೊಂದು ಕಾರನ್ನು, ಒಮ್ಮೆಯಾದರೂ, ನನ್ನ ಕೈಯಾರೆ ಜೋರಾಗಿ ಓಡಿಸಬೇಕು. ಬಾಡಿಗೆ ಸೈಕಲ್ಲಿನ ಕಾಲದಿಂದ ಬಂದ ಆಸೆ ಇದು. ಕಚೇರಿಯ ಹಳೆಯ ಜೀಪನ್ನು ಓಡಿಸಲು ಕಲಿತದ್ದೂ ಇದರ ಪೂರ್ವತಯಾರಿಯೇ. ಆ ಜೀಪಿನಲ್ಲಿ ಸೌಕರ್ಯ ಅಂದರೆ, ಬಾಗಿಲು ಹಾಕಿದರೆ ಒಮ್ಮೊಮ್ಮೆ ಹಾಕಿಕೊಳ್ಳುತ್ತಿತ್ತು. ಆದರೆ ಇಂಜಿನ್ನಿನ ಮನಸ್ಸಿನಲ್ಲಿ ಏನಿದೆ ಎಂಬುದು ಅಂಗಾಲಿಗೆ ತಿಳಿಯುತ್ತಿತ್ತು. ಜೀಪೇ ಇಷ್ಟು ಮಾತಾಡಿದರೆ ಸ್ಪೋರ್ಟ್ಸ್ ಕಾರು ಇನ್ನೆಷ್ಟು ಮಾತಾಡೀತು ಎಂದು ನಾನು ಲೆಕ್ಕ ಹಾಕಿದ್ದೆ. ಮಾತಾಡುತ್ತದೆ ನಿಜ, ಆದರೆ ಇಂಗ್ಲಿಷಿನಲ್ಲಿ, ಹೆಣ್ಣು ದನಿಯಲ್ಲಿ, ಅದೂ ಬುದ್ಧಿವಾದ. ಅದು ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಬಸವರಾಜನಿಂದ. ಬಸವರಾಜ ನನ್ನ ಹೆಂಡತಿಯ ತಮ್ಮ, ಕುಷ್ಟಗಿಯಲ್ಲಿ ಬಿತ್ತನೆ ಬೀಜದ ವ್ಯಾಪಾರಿ. ಬೀಜಕ್ಕೂ ವೇಗಕ್ಕೂ ಏನು ಸಂಬಂಧವೋ, ಎರಡೇ ಬಾಗಿಲಿನ, ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕೂತಂಥ ಕಾರೊಂದನ್ನು ತಂದೇಬಿಟ್ಟ. ನೋಡಲು ಬಂದ ಓಣಿಯ ಹಿರಿಯರೊಬ್ಬರು, "ಇದು ಪೂರ್ತಿ ಬಂದೈತೇನ್ರಿ, ಇನ್ನ ಮ್ಯಾಲಿನ ಅರ್ಧ ಬರೂದೈತಿ?" ಎಂದು ಕೇಳಿದರಂತೆ. ನನಗೆ ಫೋನು ಬಂತು. "ಮಾಮಾ, ಗಾಡಿ ಬಂದೈತ್ರಿ. ಬುಧವಾರ ಹುಲಿಗಿಗೆ ಪೂಜಿಗೆ ಒಯ್ಯೂದೈತಿ, ಬರ್ರಿ. ಬರೂವಾಗ ಹೈವೇದಾಗ ನೀವ ಹೊಡೀರಿ." ನಾನು ರಜೆ ಹಾಕಿ, ಹಿಂದಿನ ದಿನವೇ ಅಂಗಿ ಇಸ್ತ್ರಿ ಮಾಡಿಸಿ, ಮೊದಲ ಬಸ್ಸಿಗೆ ಕುಷ್ಟಗಿಯಲ್ಲಿದ್ದೆ.

ಕಾರಿನ ಬಾಗಿಲು ತೆರೆದ ಬಸವರಾಜ ಅದರ ಇಂಜಿನ್ನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನೇರವಾಗಿ ಸೀಟಿಗೆ ಬಂದ. ಸೀಟು ಬೇಸಿಗೆಯಲ್ಲಿ ತಣ್ಣಗಾಗುತ್ತದೆ, ಚಳಿಯಲ್ಲಿ ಬೆಚ್ಚಗಾಗುತ್ತದೆ. ಕೂತವರ ಬೆನ್ನು ನೀವುತ್ತದೆ, ಅದರಲ್ಲೂ ಅಲೆಯಂತೆ ನೀವುವುದು ಒಂದು, ಗುದ್ದಿ ಗುದ್ದಿ ನೀವುವುದು ಇನ್ನೊಂದು. ಒಳಗೆ ದೀಪ ಬೇಕಾದ ಬಣ್ಣಕ್ಕೆ ತಿರುಗುತ್ತದೆ. ಸುಗಂಧ ಬೀರುತ್ತದೆ. ಸ್ಟೇರಿಂಗ್ ಸ್ವಲ್ಪ ಆಚೀಚೆ ಆದರೆ ತಾನೇ ಎಳೆದು ಸರಿಮಾಡಿಕೊಳ್ಳುತ್ತದೆ. ನಡುವೆ ನಾನು, "ಎಷ್ಟು ಓಡ್ತೈತಿ?" ಎಂದು ಕೇಳಿದೆ. "ಓಡ್ತೈತ್ರಿ, ಅದಿರ್ಲಿ, ಇಲ್ಲಿ ನೋಡ್ರಿ, ನೀರಿನ ಬಾಟ್ಲಿ ಇಟ್ರ ತಣ್ಣಗ ಇಡ್ತೈತಿ" ಎಂದ. 'ಕುದುರೆ ಕಂಡರೆ ಕಾಲುನೋವು' ಎಂದು ಗಾದೆ ಮಾಡಿದ ಹಿರಿಯರು ಪುಣ್ಯವಂತರು. ಅವರ ಕಾಲದಲ್ಲಿ ಕಾಲುನೋವು ಸವಾರನಿಗೆ ಮಾತ್ರ ಬರುತ್ತಿತ್ತು. ಈಗ ಆ ಕಾಲನ್ನು ಒತ್ತುವ ಕೆಲಸವನ್ನೂ ಕುದುರೆಗೇ ಹಚ್ಚಿದ್ದಾರೆ.

ಆದರೂ ಇದನ್ನೆಲ್ಲ ನಾನು ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಸದ್ದಿನ ವಿಷಯ. ಇಂಜಿನ್ ಚಾಲೂ ಮಾಡಿ ಗಾಜು ಏರಿಸಿದಾಗ ಒಳಗೆ ಗುರ್ ಎಂಬ ಗಂಭೀರ ಗರ್ಜನೆ ಕೇಳಿತು. ನನ್ನ ರೋಮ ನಿಂತಿತು. ಆಗ ಬಸವರಾಜ ಹೆಮ್ಮೆಯಿಂದ ಹೇಳಿದ: "ಗಾಜು ಭಾಳ ದಪ್ಪ ಅದಾವ್ರಿ ಮಾಮಾ, ಇಂಜಿನ್ ಸಪ್ಪಳ ಒಳಗ ಬರಂಗಿಲ್ಲ. ಇದು ಸ್ಪೀಕರ್‌ದಾಗ ಬರೂ ಸಪ್ಪಳ." ಅಂದರೆ ಮೊದಲು ಇಂಜಿನ್ನಿನ ದನಿಯನ್ನು ಹೊರಗೆ ದಬ್ಬುವುದು, ಆಮೇಲೆ ಅದರ ನಕಲನ್ನು ಒಳಗೆ ಕರೆದು ಕೂರಿಸುವುದು. ಮದುವೆ ಮನೆಯಲ್ಲಿ ಬಾಜಿ ಬಾರಿಸುವವರನ್ನು ಹೊಸ್ತಿಲ ಆಚೆ ನಿಲ್ಲಿಸಿ, ಒಳಗೆ ಮೊಬೈಲಿನಲ್ಲಿ ಮಂಗಳವಾದ್ಯ ಹಾಕಿದ ಹಾಗಾಯಿತು. ನಿಂತ ರೋಮಗಳನ್ನು ನಾನು ಕೂರಿಸಿಕೊಂಡೆ. ಅವುಗಳಿಗೂ ಅವಮಾನವಾಗಿರಬೇಕು.

ನಮ್ಮ ಕಡೆ ಶರತ್ತಿನ ಬಂಡಿಗಳನ್ನು ನೋಡಿದವರಿಗೆ ನನ್ನ ಸಂಕಟ ಅರ್ಥವಾದೀತು. ಪಂದ್ಯದಲ್ಲಿ ಎತ್ತುಗಳನ್ನು ಓಡಿಸಲು ಇಳಿಸುವ ಬಂಡಿಗೆ ಯಾರೂ ಗಾದಿ ಹಾಸುವುದಿಲ್ಲ, ಎತ್ತಿಗೆ ಜೂಲ ಹೊದಿಸುವುದಿಲ್ಲ. ಇದ್ದ ಹಲಗೆಯನ್ನೂ ಕಿತ್ತು ಹಗುರ ಮಾಡುತ್ತಾರೆ. ಗಾದಿ, ಜೂಲ, ಗೆಜ್ಜೆ ಎಲ್ಲ ಬೀಗರ ಮನೆಗೆ ಹೋಗುವ ಸವಾರಿ ಬಂಡಿಗೆ. ಎರಡೂ ಬಂಡಿಯೇ, ಎರಡಕ್ಕೂ ಮರ್ಯಾದೆ ಇದೆ, ಆದರೆ ಒಂದನ್ನು ಇನ್ನೊಂದು ಮಾಡಲು ಯಾವ ರೈತನೂ ಹೋಗುವುದಿಲ್ಲ. ಇಟಗಿಯ ಮಹಾದೇವ ದೇವಾಲಯಕ್ಕೆ ಹೋದಾಗಲೆಲ್ಲ ನನಗೆ ಇಂಥದೇ ಯೋಚನೆ ಬರುತ್ತದೆ. ಹೊರಗೆ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ, ಕಂಬಗಳೋ ನಿನ್ನೆ ತಿಕ್ಕಿಟ್ಟ ಹಾಗೆ. ಅದನ್ನೆಲ್ಲ ದಾಟಿ ಗರ್ಭಗುಡಿಗೆ ಬಂದರೆ ಒಂದಿಷ್ಟು ಕತ್ತಲೆ, ಒಂದು ಲಿಂಗ, ಅಷ್ಟೇ. ಅಷ್ಟು ಕೆತ್ತಲು ಬರುತ್ತಿದ್ದ ಕೈಗಳು ಅಲ್ಲಿ ಉಳಿಯನ್ನು ಕೆಳಗಿಟ್ಟವು. ಕಾರು ಮಾಡುವವರಿಗೆ ಇಟಗಿಯ ಬಸ್ ಟಿಕೆಟ್ ತೆಗೆಸಿಕೊಡಬೇಕು ಎಂದು ನಾನು ಕಚೇರಿಯಲ್ಲಿ ಹೇಳಿದ್ದೇನೆ. ಬ್ರೇಕು, ಬೆಲ್ಟು, ಗಾಳಿಚೀಲಗಳ ತಂಟೆಗೆ ನಾನು ಹೋಗುವುದಿಲ್ಲ, ಜೀವ ಎಲ್ಲರಿಗೂ ಬೇಕು. ನನ್ನ ತಕರಾರು ಬೆನ್ನು ನೀವುವುದರ ಬಗ್ಗೆ.

ಈ ತಕರಾರನ್ನು ನಾನು ಬಸವರಾಜನಿಗೆ ವಿವರಿಸುತ್ತಿರುವಾಗಲೇ ಒಳಗಿನಿಂದ ಅತ್ತೆ ಬಂದಳು. ಬಸವರಾಜನ ತಾಯಿ ನನಗೆ ಹೆಣ್ಣು ಕೊಟ್ಟ ಅತ್ತೆಯೂ ಹೌದು, ಅದಕ್ಕೆ ಮೊದಲೇ ನನ್ನ ತಂದೆಯ ತಂಗಿಯಾಗಿ ಸೋದರತ್ತೆಯೂ ಹೌದು. ಹಾಗಾಗಿ ನನ್ನನ್ನು ಬೈಯುವ ಹಕ್ಕು ಆಕೆಗೆ ಎರಡು ಕಡೆಯಿಂದ ಬಂದಿದೆ. ಕೆಲವು ತಿಂಗಳಿಂದ ಸೊಂಟದ ನರ ಹಿಡಿದುಕೊಂಡು, ಹಾಸಿಗೆಗೆ ಬೆನ್ನು ಹಚ್ಚಲಾಗದೆ, ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಹೊಸ ಗಾಡಿಯ ಪೂಜೆಗೆ ತಾನಿಲ್ಲದೆ ಹೋಗಕೂಡದು ಎಂದು ಹಟ ಹಿಡಿದಿದ್ದಳು. ಸರಿ, ಮುಂದಿನ ಸೀಟು ಆಕೆಗೆ. "ನೀವು ಹಿಂದ ಕುಂದರ್ರಿ ಮಾಮಾ" ಎಂದ ಬಸವರಾಜ.

ಸ್ಪೋರ್ಟ್ಸ್ ಕಾರಿನ ಹಿಂದಿನ ಸೀಟನ್ನು ನೀವು ನೋಡಿಲ್ಲದಿದ್ದರೆ ನೋಡಬೇಡಿ. ಜಗತ್ತಿನ ಸಕಲ ಸೌಕರ್ಯಗಳನ್ನೂ ಮುಂದಿನ ಇಬ್ಬರಿಗೆ ಹಂಚಿ ಮುಗಿಸಿದವರು ಹಿಂದಿನವನಿಗೆ ಕಾಲು ಇಡಲು ಜಾಗವನ್ನೂ ಉಳಿಸಿರಲಿಲ್ಲ. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ತೆಂಗಿನಕಾಯಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹುಲಿಗಿಯವರೆಗೆ ಹೋದೆ. ಸೌಕರ್ಯಗಳಿಲ್ಲದ ಕಾರಿನಲ್ಲಿ ಕೂರಬೇಕೆಂಬ ನನ್ನ ತತ್ವ ಅಷ್ಟರಮಟ್ಟಿಗೆ ಜಾರಿಯಾಯಿತು ಎನ್ನಬಹುದು.

ದಾರಿಯುದ್ದಕ್ಕೂ ಕಾರು ಸುಮ್ಮನಿರಲಿಲ್ಲ. ಕುರಿಹಿಂಡು ಕಂಡರೆ ಕಿರ್, ಬೈಕು ಪಕ್ಕಕ್ಕೆ ಬಂದರೆ ಕಿರ್, ಗೆರೆ ದಾಟಿದರೆ ಸ್ಟೇರಿಂಗ್ ತಾನೇ ಜಗ್ಗುವುದು. ನಡುನಡುವೆ ಆ ಹೆಣ್ಣು ದನಿ. ಅತ್ತೆ ಅದನ್ನು ಗಮನವಿಟ್ಟು ಕೇಳಿದಳು. "ಯಾರಲೇ ಬಸ್ಯಾ ಒಳಗ ಮಾತಾಡಾಕತ್ತಾಕಿ?"

"ಗಾಡೀನ ಮಾತಾಡ್ತೈತಿ ಬೇ."

"ಏನಂತಾಳ?"

"ದಣಿವಾಗಿದ್ರ ಗಾಡಿ ನಿಂದ್ರಿಸಿ ಚಾ ಕುಡೀರಿ ಅಂತಾಳ."

"ಛಲೋ ಮನಿತನದ ಹುಡುಗಿ ಬಿಡು" ಎಂದಳು ಅತ್ತೆ. ನನಗೆ ಹಿಂದೆ ಹಲ್ಲು ಕಡಿಯುವುದಕ್ಕೂ ಜಾಗವಿರಲಿಲ್ಲ.

ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯ ಮುಂದೆ ಪೂಜೆ ಸಾಂಗವಾಗಿ ನಡೆಯಿತು. ಪೂಜಾರಿ ಸಣ್ಣ ವಯಸ್ಸಿನವರು, ಕೈ ದೊಡ್ಡದು. ಕಾರಿನ ಮೂತಿಯ ಅಗಲಕ್ಕೂ ಚೆಂಡುಹೂವಿನ ದಪ್ಪ ಮಾಲೆ ಕಟ್ಟಿದರು. ಮುಂದಿನ ಗಾಜಿನ ಮೇಲೆ, ನಟ್ಟನಡುವೆ, ಭಂಡಾರದ ಅರಿಶಿನ ಬಳಿದು ಅದರ ಮೇಲೆ ಕುಂಕುಮದ ಬೊಟ್ಟಿಟ್ಟರು. ಗಾಲಿಗಳ ಕೆಳಗೆ ನಿಂಬೆಹಣ್ಣು, ಮುಂದೆ ಕಾಯಿ. ಎಲ್ಲ ಮುಗಿಸಿ ಬಸವರಾಜ ಗಾಡಿ ಚಾಲೂ ಮಾಡಿದರೆ ಎದುರಿನ ಪರದೆಯ ಮೇಲೆ ಸಾಲು ಸಾಲು ಹಳದಿ ಅಕ್ಷರ. ಓದಿ ನೋಡಿದ. ಕಾರಿನ ಮೂತಿಯಲ್ಲಿ ಒಂದು ಕಣ್ಣು ಇರುತ್ತದಂತೆ, ಅದು ಮಾಲೆಯ ಹಿಂದೆ ಹೋಗಿತ್ತು. ಗಾಜಿನ ಹಿಂದೆ ಇನ್ನೊಂದು, ಅದರ ಮೇಲೆ ಭಂಡಾರ. ದಾರಿ ಕಾಣದ ಕಾರಣ ಸಹಾಯ ಮಾಡಲಾಗದು, ನಿಮ್ಮ ಗಾಡಿ ನೀವೇ ಓಡಿಸಿಕೊಳ್ಳಿ ಎಂದು ಕಾರು ಕೈಚೆಲ್ಲಿತ್ತು.

ಬಸವರಾಜ ಗಾಬರಿಯಾಗಿ ಮಾಲೆ ಬಿಚ್ಚಲು ಕೈ ಹಾಕಿದ. ಅತ್ತೆ ಕಿಟಕಿಯಿಂದಲೇ ತಡೆದಳು. "ಮಾಲಿ ಮುಟ್ಟಬ್ಯಾಡ. ಮನಿ ಮುಟ್ಟೂತನಕ ತಾಯಿ ಇರ್ಲಿ." ಅಲ್ಲಿಗೆ ಇತ್ಯರ್ಥವಾಯಿತು. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎನ್ನುತ್ತಾರೆ. ನನ್ನ ವಿಷಯದಲ್ಲಿ ಕಾರಿನ ಕಂಪನಿ ಕೊಡದ ವರವನ್ನು ಆ ಪೂಜಾರಿ ಹೂವಿನಲ್ಲಿ ಕಟ್ಟಿ ಕೊಟ್ಟಿದ್ದರು. ಹುಲಿಗೆಮ್ಮ ತಾಯಿ ಒಂದೇ ಮಾಲೆಯಲ್ಲಿ ಕಿರ್ ಅನ್ನುವುದನ್ನು ನಿಲ್ಲಿಸಿದ್ದಳು, ಸ್ಟೇರಿಂಗ್ ಜಗ್ಗುವುದನ್ನು ನಿಲ್ಲಿಸಿದ್ದಳು. ಚಹಾದ ಹುಡುಗಿಯ ಬಾಯಿಯನ್ನೂ ಕಟ್ಟಿದ್ದಳು. ನಾನು ಅಲ್ಲಿಂದಲೇ ಗುಡಿಯ ಕಡೆಗೆ ತಿರುಗಿ ಕೈಮುಗಿದೆ.

ಕೊಟ್ಟ ಮಾತಿನಂತೆ ಬಸವರಾಜ ಕೀಲಿ ನನಗೆ ಕೊಟ್ಟು, ತನ್ನ ದೊಡ್ಡ ದೇಹವನ್ನು ಕಂತು ಕಂತಾಗಿ ಹಿಂದಿನ ಸೀಟಿಗೆ ತುಂಬಿದ. ಹಿಟ್ನಾಳ್ ದಾಟಿತು. ಮುಂದೆ ನಾಲ್ಕು ಸಾಲಿನ ರಸ್ತೆ, ಎರಡೂ ಕಡೆ ಕರಿ ಎರೆಭೂಮಿ, ಕಣ್ಣು ಹಾಯುವವರೆಗೆ ಒಂದು ಲಾರಿಯೂ ಇಲ್ಲ. ಇಷ್ಟು ವರ್ಷ ಕಾದದ್ದು ಬಲಗಾಲಿನ ಕೆಳಗೆ ಬಂದು ಕೂತಿತ್ತು. ಒತ್ತಿದೆ. ಕಾರು ಒಮ್ಮೆ ಮೈಕೊಡವಿ ಮುಂದಕ್ಕೆ ಹಾರಿತು, ನನ್ನ ಬೆನ್ನು ಸೀಟಿಗೆ ಅಂಟಿತು, ಮತ್ತು ಅದೇ ಗಳಿಗೆಯಲ್ಲಿ ಹಿಂದಿನಿಂದ ಬಸವರಾಜನ ಕೈ ಬಂದು ನನ್ನ ಹೆಗಲು ಹಿಡಿಯಿತು.

"ಮಾಮಾ, ಸಾವಕಾಶ. ಅವ್ವ ಮಲಗ್ಯಾಳ."

ಪಕ್ಕದ ಸೀಟಿನ ಕಡೆ ನೋಡಿದೆ. ಹುಲಿಗಿಯಲ್ಲಿ ಬಸವರಾಜ ಆಕೆಯ ಸೀಟಿನ ಗುಂಡಿ ಒತ್ತಿ ಬಂದಿದ್ದ. ಸೀಟು ಅಲೆಯಂತೆ ಆಕೆಯ ಸೊಂಟವನ್ನು ನೀವುತ್ತಿತ್ತು. ಸೆರಗು ಹಣೆಯವರೆಗೆ ಎಳೆದುಕೊಂಡು, ಬಾಯಿ ಸ್ವಲ್ಪ ತೆರೆದು, ಅತ್ತೆ ನಿದ್ದೆ ಹೋಗಿದ್ದಳು. ಕಾರು ಹಾರಿದ್ದಕ್ಕೆ ತಲೆ ಒಂದಿಷ್ಟು ಪಕ್ಕಕ್ಕೆ ಜಾರಿತ್ತು, ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿತ್ತು. "ಹಾಸಿಗ್ಯಾಗ ಹಿಂಗ ಮಲಗಿ ಎಷ್ಟೋ ದಿನ ಆತ್ರಿ" ಎಂದ ಬಸವರಾಜ, ಪಿಸುದನಿಯಲ್ಲಿ.

ಕಾಲು ತೆಗೆದೆ. ಬೇರೆ ಏನು ಮಾಡಲಿ? ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಕಂಪನಿಯ ಮೇಲೆ, ಸೀಟಿನ ಮೇಲೆ, ಅಲೆಯಂತೆ ನೀವುವುದನ್ನು ಕಂಡುಹಿಡಿದ ಪುಣ್ಯಾತ್ಮನ ಮೇಲೆ ಸಿಟ್ಟು ಬಂತು. ತುಂಬಿದ ಹಾಲಿನ ಗಡಿಗೆ ಹೊತ್ತವನ ಹಾಗೆ ಆ ಬೆಂಕಿಯಂಥ ಕಾರನ್ನು ನಡೆಸಿಕೊಂಡು ಹೊರಟೆ. ಸರಕಾರಿ ಬಸ್ಸು ಹಾರನ್ ಹೊಡೆದು ಮುಂದೆ ಹೋಯಿತು. ಕೂಲಿ ಹೆಂಗಸರು ತುಂಬಿದ ಟಂಟಂ ಆಟೊ ಒಂದು ಹಿಂದಿನಿಂದ ಬಂದು, ಪಕ್ಕಕ್ಕೆ ಬಂದು, ದಾಟಿಯೂ ಹೋಯಿತು. ಹೋಗುವಾಗ ಒಬ್ಬಾಕೆ ಹೊರಗೆ ಬಾಗಿ, "ಗಾಡಿ ಕೆಟ್ಟೈತೇನ್ರಿ?" ಎಂದು ಕಳಕಳಿಯಿಂದ ಕೇಳಿದ್ದು ಗಾಜಿನಾಚೆ ತುಟಿಯಲ್ಲೇ ತಿಳಿಯಿತು. ನಾನು ಇಲ್ಲವೆಂದು ತಲೆಯಾಡಿಸಿದೆ. ದಪ್ಪ ಗಾಜಿನೊಳಗೆ ಸ್ಪೀಕರು ಹುಲಿಯ ಹಾಗೆ ಗುರುಗುಡುತ್ತಿತ್ತು. ಅದನ್ನೂ ಬಸವರಾಜ ಕೈಚಾಚಿ ಬಂದ್ ಮಾಡಿದ.

ಕುಷ್ಟಗಿಯ ಮನೆ ಬಂತು. ಬೇವಿನ ಮರದ ನೆರಳಿಗೆ ನಿಲ್ಲಿಸಿದೆ. ಕೀಲಿ ತಿರುಗಿಸಲು ಹೋದವನನ್ನು ಬಸವರಾಜ ಮತ್ತೆ ಹೆಗಲು ಹಿಡಿದು ತಡೆದ. ಇಂಜಿನ್ ನಿಂತರೆ ಸೀಟು ನೀವುವುದೂ ನಿಲ್ಲುತ್ತದೆ. ಬಾಗಿಲು ತೆರೆದರೆ ಕಾರು ಕೂಗುತ್ತದೆ, ಆ ಕೂಗಿಗೆ ಹುಲಿಗೆಮ್ಮನ ಮಾಲೆಯೂ ಅಡ್ಡ ಬರುವುದಿಲ್ಲ. ಹಾಗಾಗಿ ನಾವಿಬ್ಬರೂ ಕೂತೆವು. ಮನೆಯಿಂದ ಯಾರೋ ಬಾಗಿಲಿಗೆ ಬಂದು, ನಮ್ಮ ಕೈಸನ್ನೆ ನೋಡಿ ಒಳಗೆ ಹೋದರು. ಒಂದು ದಂಡನ್ನು ಎಳೆಯಬಲ್ಲ ಇಂಜಿನ್ನು ನಿಂತಲ್ಲೇ ನಿಂತು ಒಬ್ಬ ಮುದುಕಿಯ ಸೊಂಟ ನೀವುತ್ತಿತ್ತು. ಬಸವರಾಜ ಹಿಂದೆ ಮೊಣಕಾಲುಗಳ ನಡುವೆ ಸಿಕ್ಕಿಕೊಂಡು ನರಳುತ್ತಿದ್ದ. ನಾನು ಸ್ಟೇರಿಂಗ್ ಹಿಡಿದು ಬೇವಿನ ಬೊಡ್ಡೆ ನೋಡುತ್ತ ಕೂತೆ. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಓಟದ ಕಾರಿಗೆ ಗಾದಿ ಬೇಡ ಎಂದು ಈಗಲೂ ವಾದಿಸುತ್ತೇನೆ. ವಾದಿಸುವಾಗ ಎಡಗಡೆ ಒಂದು ಸೀಟಿನಷ್ಟು ಜಾಗ ಬಿಟ್ಟು ವಾದಿಸುತ್ತೇನೆ, ಅಷ್ಟೇ.

ನೆರಳು ಸರಿದು ಬಿಸಿಲು ಬಾನೆಟ್ಟಿನ ಮೇಲೆ ಬಂದಾಗ ಅತ್ತೆ ಕಣ್ಣು ಬಿಟ್ಟಳು. ಸೆರಗು ಸರಿಮಾಡಿಕೊಂಡು, ಹೊರಗಿನ ಬೇವಿನ ಮರವನ್ನು, ತನ್ನ ಮನೆಯ ಬಾಗಿಲನ್ನು ನಂಬಲಾರದವಳಂತೆ ನೋಡಿದಳು. ಹುಲಿಗಿಯಲ್ಲಿ ರೆಪ್ಪೆ ಮುಚ್ಚಿದ್ದಳು, ತೆರೆದರೆ ಕುಷ್ಟಗಿ. ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಎಷ್ಟೋ ದಿನಗಳ ನಿದ್ದೆ ತುಂಬಿಕೊಂಡ ಕಳೆ, ಅದರ ಮೇಲೆ ಎರಡು ಕಡೆಯ ಹಕ್ಕಿನ ಸಿಟ್ಟು.

"ಹಿಂಗ ಹೊಡಿತಾರೇನೋ ಗಾಡಿ? ಕಣ್ಣು ಮುಚ್ಚಿ ತೆರಿಯೂದ್ರಾಗ ಮನಿ ಮುಟ್ಟಿಸಿ. ಇಷ್ಟು ಜೋರು ಓಡಸಬಾರ್ದು ತಮ್ಮಾ, ಹೆಂಡ್ರು ಮಕ್ಕಳು ಅದಾರ ನಿನಗ."

ಹಿಂದೆ ಬಸವರಾಜ ನಿಜ ಹೇಳಲು ಬಾಯಿ ತೆರೆದ. ನಾನು ಅವನ ಕಡೆ ಒಂದು ನೋಟ ಬೀರಿ ಸುಮ್ಮನಾಗಿಸಿದೆ. ಬಾಡಿಗೆ ಸೈಕಲ್ಲಿನ ಕಾಲದಿಂದ ಈ ಬೈಗುಳಕ್ಕಾಗಿ ಕಾದವನು ನಾನು.

"ತಪ್ಪಾತ್ ಅತ್ತೀ," ಎಂದೆ. "ಇನ್ನೊಮ್ಮಿ ಸಾವಕಾಶ ಹೊಡಿತೀನಿ."